ಬಚ್ಚಲೊಲೆಯ ಪೈಪಿನ ಜೊತೆ ನನ್ನ ಗುದ್ದಾಟ

ಮೂರನೇ ಮಳೆಗಾಲವೂ ಮುಗಿಯಿತು. ಬಚ್ಚಲೊಲೆಯ ಹೊಗೆ ಹೋಗುವ ಪೈಪು ಬಿಚ್ಚಿಲ್ಲ, ಹೊಗೆ ಒಳಗೆ ನುಗ್ಗಿಲ್ಲ. "ಗೀಸರ್ ಹಾಕಿಸು ಮಾರಾಯ, ಸುಮ್ನೆ ಒಲೆ ಜೊತೆ ಯಾಕೆ ಗುದ್ದಾಡ್ತೆ" ಅನ್ನುತ್ತಿದ್ದ ಭಾವನೇ ಮೊನ್ನೆ ಬಂದು ಎರಡು ಹಂಡೆ ಬಿಸಿನೀರು ಖಾಲಿ ಮಾಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರನ್ನೂ ಕರೆಂಟನ್ನೂ ನಂಬಿ ಕೂತರೆ ತಣ್ಣೀರೇ ಗತಿ. ನಮ್ಮದು ಅಪ್ಪನ ಕಾಲದ ಹಂಡೆ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಬಂದ ಕಾಲದಲ್ಲಿ ಅದನ್ನು ನೋಡಿ ಕಟ್ಟಿಸಿದ್ದು. ಒಲೆಯಲ್ಲಿ ದೋಷ ಇರಲಿಲ್ಲ. ದೋಷ ನಮ್ಮಲ್ಲಿತ್ತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹುಳಿ ಹಾಕಿ ಹಂಡೆ ತಿಕ್ಕುವಾಗ ಪೈಪಿಗೂ ಒಮ್ಮೆ ಕೋಲು ತುರುಕಿದರೆ ಆ ವರ್ಷದ ಸೇವೆ ಮುಗಿಯಿತು. ಹಂಡೆಗೆ ಹಿಂಡಲೆಕಾಯಿ ಬಳ್ಳಿ ಕಟ್ಟುವ ಗಡಿಬಿಡಿಯಲ್ಲಿ ಪೈಪು ಯಾರಿಗೆ ಬೇಕು? ಆದರೆ ಅಷ್ಟು ಹೊತ್ತಿಗೆ ಮಳೆಗಾಲ ಮುಗಿದು, ಹಾಳಾಗಬೇಕಾದ್ದೆಲ್ಲ ಹಾಳಾಗಿರುತ್ತದೆ.

2018ರ ಸುಮಾರಿಗೆ ಹಾಕಿಸಿದ ತಗಡಿನ ಪೈಪು ಎರಡೇ ಮಳೆಗಾಲ ಬಂತು. ಎರಡೂವರೆ ಸಾವಿರ ನೀರಿಗೆ. ಮೇಲಿನ ಟೊಪ್ಪಿ ಗಾಳಿಗೆ ಹಾರಿತ್ತು, ನಾನು ನೋಡಿರಲಿಲ್ಲ. ಮಳೆನೀರು ಇಳಿದು ಬುಡದ ಬೂದಿ ಒದ್ದೆಯಾಯಿತು. ಒದ್ದೆ ಬೂದಿ ಅಂದರೆ ಕ್ಷಾರ, ಸತುವಿನ ಲೇಪವನ್ನು ಮೊದಲು ತಿನ್ನುತ್ತದೆ. ಬೆರಳಿಟ್ಟರೆ ಬೆರಳು ಒಳಗೆ ಹೋಯಿತು.

ಆಮೇಲೆ ಸಿಮೆಂಟ್ ಪೈಪು ಹಾಕಿಸಿದೆ. ಅಗ್ಗ, ತುಕ್ಕಿಲ್ಲ ಅಂತ. ಒಂದು ರಾತ್ರಿ ಒಳಗೆ ಹೊಗೆಯಿಂದ ಕಟ್ಟಿದ ಡಾಂಬರಿಗೆ ಬೆಂಕಿ ಹತ್ತಿ ಗುರ್ರ್ ಅಂತ ಸದ್ದು. ಹೊರಗೆ ಓಡಿ ನೋಡಿದರೆ ಪೈಪಿನ ಬಾಯಲ್ಲಿ ಮೊಳದುದ್ದ ಜ್ವಾಲೆ. ಒಲೆ ಬಾಯಿಗೆ ಒದ್ದೆ ಗೋಣಿ ಮುಚ್ಚಿ ಗಾಳಿ ನಿಲ್ಲಿಸಿದ್ದಕ್ಕೆ ಬಚಾವ್. ಪೈಪು ಮಾತ್ರ ಸೀಳಿತು. ಹಂಚು ಬದಲಿಸಿದ ಕೂಲಿಯೂ ಸೇರಿ ಎರಡು ಸಲದ್ದು ಎಂಟೊಂಬತ್ತು ಸಾವಿರ ದಾಟಿರಬೇಕು. ಲೆಕ್ಕ ಬರೆದಿಟ್ಟಿಲ್ಲ, ನಮ್ಮನೆಯವಳ ಕಣ್ಣಿಗೆ ಬೀಳಬಾರದು ನೋಡಿ.

ನಡುವೆ ಒಂದು ಜಾಣತನವನ್ನೂ ಮಾಡಿದ್ದೆ. ಬಿಸಿ ಸುಮ್ನೆ ಆಕಾಶಕ್ಕೆ ಹೋಗುತ್ತದಲ್ಲ, ಅದರಲ್ಲೂ ನೀರು ಕಾಯಿಸೋಣ ಅಂತ ಪೈಪಿಗೆ ತಾಮ್ರದ ನಳಿಗೆ ಸುತ್ತಿದೆ. ನೀರು ಉಗುರುಬೆಚ್ಚಗಾಯಿತು, ನಿಜ. ಆದರೆ ತಿಂಗಳೊಳಗೆ ಪೈಪಿನ ಕೀಲಿನಿಂದ ಕಾಕಂಬಿಯಂಥ ಕಪ್ಪು ರಸ ಗೋಡೆ ಮೇಲೆ ಇಳಿಯಿತು. ಹೊಗೆಯ ಬಿಸಿ ಕಿತ್ತುಕೊಂಡರೆ ಅದು ದಾರಿಯಲ್ಲೇ ತಣಿದು ಅಂಟಿಕೊಳ್ಳುತ್ತದೆ. ನಳಿಗೆ ಬಿಚ್ಚಿ ಗುಜರಿಗೆ ಹಾಕಿದೆ, ಅರ್ಧ ದುಡ್ಡು ಬಂತು. ಆದರೆ ಬುದ್ಧಿ ಬಂದದ್ದು ಅಲ್ಲೇ. ಪೈಪು ತಣ್ಣಗಿರಲೇಬಾರದು.

ನಮ್ಮ ಕಡೆಯ ಅಭ್ಯಾಸ ಎಲ್ಲರಿಗೂ ಗೊತ್ತಲ್ಲ, ಒಂದು ಹಸಿ ಮರದ ಕುಂಟೆ ನೂಕಿಟ್ಟು ಇಡೀ ದಿನ ಹೊಗೆಯಾಡಲು ಬಿಡೋದು. ಡಾಂಬರು ಹುಟ್ಟುವುದೇ ಅದರಿಂದ. ಅದನ್ನು ನಿಲ್ಲಿಸಲು ಹೋದರೆ ಆಯಿ (ಅಮ್ಮ) "ಬಚ್ಚಲೊಲೆ ಆರಿದ ಮನೆ ಒಂದು ಮನೆಯಾ?" ಅಂದರು. ಒಂದು ವಾರ ಮಾತೇ ಇಲ್ಲ. ಈಗ ದಿನಕ್ಕೆ ಎರಡೇ ಹೊತ್ತು ಉರಿ. ಮೊದಲ ಕಾಲು ಗಂಟೆ ಗರಟೆ, ಒಣ ಸೋಗೆ, ಅಡಿಕೆ ದಬ್ಬೆ ಹಾಕಿ ಭರ್ಜರಿ ಉರಿಸೋದು, ಆಮೇಲೆ ಸೀಳಿದ ಕಟ್ಟಿಗೆ. ಕಟ್ಟಿಗೆ ಒಂದು ಬೇಸಿಗೆ ಪೂರ್ತಿ ಒಣಗಿದ್ದೇ ಆಗಬೇಕು. ಮಳೆಗಾಲಕ್ಕೆ ಎರಡು ಪಿಕಪ್ ಬೇಕಾಗುತ್ತಿತ್ತು, ಈಗ ಒಂದೂಕಾಲು ಸಾಕು.

ಪೈಪು ಈಗ ಗುಜರಿಯ ದಪ್ಪ ಸ್ಟೀಲ್, ಮೂರು ಸಾವಿರದ ಆಸುಪಾಸು. ಬುಡದಲ್ಲಿ ಟಿ ಆಕಾರದ ಕೀಲು ಕೊಟ್ಟು ಮುಚ್ಚಳ ಹಾಕಿಸಿದ್ದೇನೆ. ಮಾಡಿನ ಮೇಲಿನ ಭಾಗ ತಣಿಯದಿರಲಿ ಅಂತ ಹಳೇ ಡ್ರಮ್ಮಿನ ತಗಡು ಸುತ್ತಿದ್ದೇನೆ, ನಡುವೆ ಏನು ತುಂಬಿದ್ದೇನೆ ಅಂತ ಹೇಳೋಲ್ಲ. ಬೂದಿ ಅಂತೂ ಅಲ್ಲ.

ಶನಿವಾರ ಎಣ್ಣೆ ಸ್ನಾನಕ್ಕೆ ಮೊದಲು ತಣ್ಣಗಿನ ಪೈಪಿಗೆ ಬೆರಳ ಗೆಣ್ಣಿನಿಂದ ಬಡಿಯುತ್ತೇನೆ. ಠಣ್ ಅಂದರೆ ಚೊಕ್ಕ. ದಬ್ ಅಂದರೆ ಮಸಿ ಕೂತಿದೆ. ಆಗ ಹಗ್ಗಕ್ಕೆ ಕಲ್ಲು ಕಟ್ಟಿ, ಅದರ ಮೇಲೆ ಗೋಣಿಯ ಉಂಡೆ ಬಿಗಿದು, ಮೇಲಿಂದ ನಾಲ್ಕು ಸಲ ಎಳೆದರೆ ಸಾಕು. ಬುಡದ ಮುಚ್ಚಳ ತೆಗೆದರೆ ಒಂದು ಸೇರು ಮಸಿ ಸಿಗುತ್ತದೆ. ಒಣ ಪುಡಿಯಾಗಿದ್ದರೆ ಉರಿ ಸರಿ ಇದೆ, ಹೊಳೆಯುವ ಹಕ್ಕಳೆಯಾಗಿದ್ದರೆ ಯಾರೋ ಹಸಿ ಕಟ್ಟಿಗೆ ಹಾಕಿದ್ದಾರೆ. ಯಾರು ಅಂತ ನಾನು ಕೇಳಲ್ಲ, ಆಯಿಯೂ ಹೇಳಲ್ಲ. ದೊಡ್ಡ ಸ್ವಚ್ಛತೆ ಮೇ ಕೊನೆಗೆ ಒಮ್ಮೆ, ಹಬ್ಬಕ್ಕೆ ಒಮ್ಮೆ.

ಹಂಡೆ ಕಂಠದ ಸುತ್ತ ಒಲೆ ಬಿರುಕು ಬಿಟ್ಟರೆ ಕೆಮ್ಮಣ್ಣು, ಸಗಣಿ, ಉಮಿ ಮೆತ್ತುತ್ತೇನೆ. ಜೊತೆಗೆ ಇನ್ನೊಂದು ವಸ್ತು ಇದೆ, ಭಾವ ಎರಡು ಸಲ ಕೇಳಿದರು, ಬಾಯಿ ಬಿಟ್ಟಿಲ್ಲ.

ಸದ್ಯದ ತಲೆನೋವು ಬೇರೆ. ಹಂಡೆಯ ತಳದ ಒಂದು ಕಡೆ ಹಸಿರು ಕಾಣುತ್ತಿದೆ, ಸಣ್ಣಗೆ ಜಿನುಗುತ್ತಿರಬೇಕು. ಈ ಹಬ್ಬಕ್ಕೆ ಇಳಿಸಿ ನೋಡಬೇಕು. ತಾಮ್ರದ ರೇಟು ಕೇಳಿಕೊಂಡು ಬಂದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.