ಕಾವೇರಿ ಕಣಿವೆಯ ಜಲಪಾತಕ್ಕೆ ಕಾಡುದಾರಿ: ಹೊರಡುವ ಮುನ್ನ ಡ್ಯಾಮಿನ ಲೆಕ್ಕ ನೋಡಿ

ಮಳವಳ್ಳಿಯಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಶಿವನಸಮುದ್ರದಲ್ಲಿ ಹೊಳೆ ಏರಬಹುದು. ಕೊಡಗಿನಲ್ಲಿ ಸುರಿದ ಮಳೆ ಕೆಆರ್‌ಎಸ್‌ಗೆ, ವಯನಾಡಿನಲ್ಲಿ ಸುರಿದದ್ದು ಕಬಿನಿಗೆ ಬಂದು ಸೇರುತ್ತದೆ. ಗೇಟು ಎತ್ತಿದ ಮೇಲೆ ಎರಡೂ ತಿರುಮಕೂಡಲಿನಲ್ಲಿ ಒಂದಾಗಿ ಈ ಕಣಿವೆಗೆ ಇಳಿಯುತ್ತವೆ. ಆದ್ದರಿಂದ ತಯಾರಿ ಶುರುವಾಗಬೇಕಾದದ್ದು ಶೂ, ಬ್ಯಾಗಿನಿಂದಲ್ಲ, ದಿನಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಿಂದ.

ಆ ಪಟ್ಟಿ ಓದುವುದು ಹೀಗೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ. ಮಟ್ಟ ಇದರ ಹತ್ತಿರವಿದ್ದು ಒಳಹರಿವು ಏರುತ್ತಿದೆ ಎಂದರೆ ಯಾವ ಹೊತ್ತಿನಲ್ಲಾದರೂ ಗೇಟು ತೆರೆಯಬಹುದು. ಹೊರಹರಿವಿನ ಅಂಕಿಯಲ್ಲಿ ನಾಲೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗೆ ಹೋಗುತ್ತದೆಯೇ ಹೊರತು ನಿಮ್ಮ ಜಲಪಾತಕ್ಕಲ್ಲ. ನದಿಗೆ ಬಿಟ್ಟದ್ದು ಎಷ್ಟು ಎಂದು ಬೇರೆಯಾಗಿ ನೋಡಿ, ಎರಡೂ ಡ್ಯಾಮಿನದು ಕೂಡಿಸಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ದಿನವಿಡೀ 11,500 ಕ್ಯುಸೆಕ್ ಹರಿದರೆ ಹೆಚ್ಚುಕಡಿಮೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಎರಡೂ ಸೇರಿ 10,000 ದಾಟಿದ್ದರೆ ಹೊಳೆಯಂಚಿಗೆ ಇಳಿಯುವ ಯೋಚನೆ ಬಿಟ್ಟು ಮೇಲಿನಿಂದಲೇ ನೋಡಿ ಬರುವುದು ಮೇಲು. ಒಂದೇ ದಿನದ ಅಂಕಿ ನಂಬಬೇಡಿ, ಮೂರು ದಿನದ್ದು ನೋಡಿ. ಏರಿಳಿಯದೆ ನಿಂತ 8,000ಕ್ಕಿಂತ 2,000ದಿಂದ 6,000ಕ್ಕೆ ಜಿಗಿದದ್ದು ಅಪಾಯ. ಬಿಟ್ಟ ನೀರು ಕಣಿವೆ ಮುಟ್ಟಲು ಹೊತ್ತು ಹಿಡಿಯುತ್ತದೆ, ಹಾಗಾಗಿ ನಿನ್ನೆ ಬಿಟ್ಟದ್ದು ಇವತ್ತು ನಿಮ್ಮ ಕಾಲಿನ ಹತ್ತಿರ ಬರಬಹುದು.

ಜುಲೈ, ಆಗಸ್ಟ್‌ನಲ್ಲಿ ಜಲಪಾತದ ಅಬ್ಬರ ನೋಡಬೇಕೆನ್ನುವವರಿಗೆ ಕಾಡು ನಡಿಗೆಯೇ ಬೇಡ. ಮಳವಳ್ಳಿ ಕಡೆಯ ಗಗನಚುಕ್ಕಿ ವೀಕ್ಷಣಾ ಸ್ಥಳ, ಕೊಳ್ಳೇಗಾಲ ಕಡೆಯ ಭರಚುಕ್ಕಿ ಸಾಕು. ಗಗನಚುಕ್ಕಿಯ ಬಂಡೆಗಳ ಮೇಲೆ ಇಳಿಯುವ ಸಾಹಸ ಯಾವ ಕಾಲದಲ್ಲೂ ಬೇಡ. ಬೇಸಿಗೆಯಲ್ಲಿ ಬಂದು ಬರೀ ಬಂಡೆ ಕಂಡು ಬೇಸರಪಡುವವರೂ ಇದ್ದಾರೆ: ಜಲಪಾತಕ್ಕಿಂತ ಮೇಲೆಯೇ ನೀರನ್ನು ನಾಲೆಗೆ ತಿರುಗಿಸಿ ವಿದ್ಯುತ್ ತೆಗೆಯುತ್ತಾರೆ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇಲ್ಲಿಂದಲೇ. ನಡೆಯಲು ಸರಿಯಾದ ಕಾಲ ಅಕ್ಟೋಬರ್ ಕೊನೆಯಿಂದ ಜನವರಿ.

ಹಲಗೂರು, ಮುತ್ತತ್ತಿ ಕಡೆಯ ಕಾಡು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವುದು ಅಪರಾಧ. ಇಲಾಖೆ ತೆರೆದಿರುವ ದಾರಿಯನ್ನೇ ಆರಿಸಿ, ಗೈಡ್ ಜೊತೆಗೇ ಹೋಗಿ. ಆನೆ ಎಲ್ಲಿ ನೀರಿಗೆ ಇಳಿಯುತ್ತದೆ ಎನ್ನುವುದು ಮೊಬೈಲ್ ನಕ್ಷೆಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಲದ್ದಿ ಬಿಸಿಯಾಗಿ ಹಸಿಯಾಗಿದ್ದರೆ, ಮುರಿದ ಕೊಂಬೆಯ ಎಲೆ ಇನ್ನೂ ಬಾಡಿರದಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು. ‘ಸ್ವಲ್ಪ ಮುಂದೆ ನೋಡೋಣ’ ಎನ್ನುವ ಮಾತು ಬೇಡ.

ಬೆಟ್ಟ ಹತ್ತುವವರಿಗೆ ಕಷ್ಟ ಮೊದಲು, ಸುಖ ಆಮೇಲೆ. ಕಣಿವೆಯಲ್ಲಿ ಇದು ತಿರುಗುಮುರುಗು. ತಣ್ಣಗಿನ ಬೆಳಗಿನಲ್ಲಿ ಸಲೀಸಾಗಿ ಇಳಿದು, ಬಂಡೆ ಕಾದ ಮೇಲೆ ಏರಬೇಕು. ಇಳಿಯಲು ಒಂದು ಗಂಟೆ ಹಿಡಿದರೆ ಏರಲು ಎರಡು ಗಂಟೆ ಇಟ್ಟುಕೊಳ್ಳಿ. ಆರೂವರೆಗೆ ಹೊರಟರೆ ಹತ್ತೂವರೆಗೆ ಹೊಳೆ ಬಿಡಬೇಕು. ತಲೆಗೆ ಮೂರು ಲೀಟರ್ ನೀರು. ಕೆಳಗೆ ಮುಟ್ಟುವಾಗ ಒಂದೂವರೆ ಲೀಟರಿಗಿಂತ ಕಡಿಮೆ ಉಳಿದಿದ್ದರೆ ಕೂರದೆ ವಾಪಸ್ ಹೊರಡಿ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿಕೊಳ್ಳಿ. ಬುತ್ತಿಗೆ ಪುಳಿಯೋಗರೆ. ಮೇಲುಕೋಟೆ ಇರುವ ಜಿಲ್ಲೆಯಲ್ಲಿ ಇದನ್ನು ಹೇಳಬೇಕಾಗಿಯೇ ಇಲ್ಲ, ಆದರೂ ಮೊಸರನ್ನ ಕಟ್ಟಿಕೊಂಡು ಬಂದು ಹುಳಿ ಹಿಡಿಸುವವರಿದ್ದಾರೆ.

ಇದು ಮಲೆನಾಡಲ್ಲ, ಜಿಗಣೆಗೆ ಉಪ್ಪು ತರಬೇಕಿಲ್ಲ. ಇಲ್ಲಿನ ಕಾಟ ರಕ್ತ ಹೀರುವ ಉಣ್ಣೆ ಹುಳುವಿನದು, ಮುಳ್ಳಿನದು. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ ಅಂಚನ್ನು ಸಾಕ್ಸಿನೊಳಗೆ ಸೇರಿಸಿ, ಹತ್ತಿದ ಉಣ್ಣೆ ಕಾಣುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೀಡಿಯಿಂದ ಸುಡುವುದು ಬೇಡ. ಆಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಚಪ್ಪಲಿ ಬೇಡವೇ ಬೇಡ, ಜಾಲಿ ಮುಳ್ಳು ತೆಳುವಾದ ಅಟ್ಟೆಯನ್ನು ತೂರಿ ಬರುತ್ತದೆ. ಕಣಿವೆಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ: ಸೆಂಟು, ಹೊಗೆ, ಕೂಗಾಟ ಮೂರೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ಓಡಿ, ನೀರಿಗೆ ಮಾತ್ರ ಹಾರಬೇಡಿ.

ಹೊಳೆಯಂಚಿನಲ್ಲಿ ಮೊದಲ ಕೆಲಸ ನೀರು ಮುಟ್ಟುವ ಗೆರೆಯಲ್ಲಿ ಒಂದು ಕಲ್ಲು ಇಡುವುದು. ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಒಬ್ಬರು ನೋಡಲಿ. ಕಲ್ಲು ಮುಳುಗಿದರೆ, ತಿಳಿ ನೀರು ಬಗ್ಗಡವಾದರೆ, ತರಗೆಲೆ ಕಸಕಡ್ಡಿ ಒಟ್ಟಾಗಿ ತೇಲಿ ಬಂದರೆ ಸಾಮಾನು ಕಟ್ಟಿ. ನಡುವಿನ ಬಂಡೆಗೆ ದಾಟಿ ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು: ಹೋಗುವಾಗ ಮೊಣಕಾಲಿನಷ್ಟಿದ್ದ ನೀರು ಬರುವಾಗ ಸೊಂಟಕ್ಕೆ ಬಂದಿರುತ್ತದೆ. ಈಜು ಬರುವವರಿಗೂ ಇಲ್ಲಿ ಈಜುವಂತಿಲ್ಲ. ಉರುಳುಗಲ್ಲುಗಳು ಸುತ್ತಿ ಸುತ್ತಿ ಬಂಡೆಯಲ್ಲಿ ಗುಂಡಿ ಕೊರೆದಿರುತ್ತವೆ, ಮೇಲೆ ಶಾಂತವಾಗಿ ಕಾಣುವ ಮಡುವಿನ ಅಡಿಯಲ್ಲಿ ಸುಳಿ ಇರುತ್ತದೆ, ಮೊಸಳೆಯೂ ಇದೆ. ಒದ್ದೆಯ ಕಪ್ಪು ಬಂಡೆಗಿಂತ ಒಣಗಿದ ಬಿಳಿಚು ಬಂಡೆಯ ಮೇಲೆ ಕಾಲಿಡಿ, ಕಪ್ಪಗಿರುವುದು ಪಾಚಿ. ಕುಳಿತಲ್ಲೇ ತಲೆ ಎತ್ತಿ ಹೊಳೆಮತ್ತಿ ಮರಗಳನ್ನು ನೋಡಿ; ಉದ್ದ ಬಾಲದ ಬೂದು ಬಣ್ಣದ ದೊಡ್ಡ ಅಳಿಲು ಕಾಣಬಹುದು, ಕರ್ನಾಟಕದಲ್ಲಿ ಅದಕ್ಕೆ ಈ ಹೊಳೆದಂಡೆಯೇ ಮನೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲು ಅಲುಗದಂತೆ ಕೋಲು ಕೊಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಹೊತ್ತು ತನ್ನಿ. ಕೆಳಗೆ ಸಿಗ್ನಲ್ ಸಿಗುವುದು ಅಪರೂಪ, ಒಬ್ಬರು ಮೇಲಕ್ಕೆ ಓಡಿ 108ಕ್ಕೆ ಫೋನ್ ಮಾಡಲಿ. ಇದಕ್ಕಾಗಿಯೇ ಗುಂಪಿನಲ್ಲಿ ಕನಿಷ್ಠ ನಾಲ್ಕು ಜನ ಇರಬೇಕು.

ಹೊರಗೆ ಬಂದ ಮೇಲೆ ಚೆಕ್‌ಪೋಸ್ಟಿನಲ್ಲಿ ವಾಪಸಾದದ್ದನ್ನು ತಿಳಿಸಿಯೇ ಹೋಗಿ. ಹೇಳದೆ ಗಾಡಿ ಹತ್ತಿದರೆ ಕತ್ತಲಾದ ಮೇಲೆ ಸಿಬ್ಬಂದಿ ನಿಮ್ಮನ್ನು ಹುಡುಕಿಕೊಂಡು ಆನೆ ಓಡಾಡುವ ದಾರಿಗೆ ಇಳಿಯಬೇಕಾಗುತ್ತದೆ.