ಬಂದ್ ದಿನದ ಇಡ್ಲಿ

ಮುಂಬೈನ ಮಾಟುಂಗಾದಲ್ಲಿ ನನ್ನ ಮಾವನ ಸಣ್ಣ ಉಡುಪಿ ಹೋಟೆಲ್ ಇದೆ. ದಿನಕ್ಕೆ ಎಷ್ಟು ಪ್ಲೇಟ್ ಇಡ್ಲಿ ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಜುಲೈ ತಿಂಗಳದ್ದನ್ನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲಿಸ್ಟ್‌ಗೆ ಹಾಕಿದೆ. ಬರೆಯಲು ಮರೆತ ನಾಲ್ಕು ದಿನಗಳ ಜಾಗದಲ್ಲಿ ‘ನನ್’ (None) ಇಟ್ಟೆ. ನನ್ ಅಂದರೆ ಪೈಥಾನ್‌ನಲ್ಲಿ ಏನೂ ಇಲ್ಲ ಅಂತ. ಅಲ್ಲಿಗೆ ಉಳಿದ ದಿನಗಳ ಸರಾಸರಿ ತುಂಬಬೇಕಿತ್ತು, ಅಷ್ಟೇ.

ಮೊದಲು ಲಿಸ್ಟನ್ನು ಒಂದೊಂದಾಗಿ ನೋಡುತ್ತ ಹೋಗುವ ಫಾರ್ ಲೂಪ್ ಹಾಕಿ, ಖಾಲಿ ಸಿಕ್ಕಾಗ ಲೂಪಿನ ವೇರಿಯಬಲ್‌ಗೇ ಸರಾಸರಿ ಕೊಟ್ಟೆ. ಲಿಸ್ಟ್ ಅಲುಗಾಡಲೇ ಇಲ್ಲ. ಆ ವೇರಿಯಬಲ್ ಬರೀ ಹೆಸರು, ಲಿಸ್ಟಿನ ಜಾಗ ಅಲ್ಲ. ಜಾಗದ ಸಂಖ್ಯೆಯನ್ನೂ (ಇಂಡೆಕ್ಸ್) ಕೊಡುವ ಎನ್ಯೂಮರೇಟ್ ಹಾಕಿ, ಆ ಇಂಡೆಕ್ಸ್ ಹಿಡಿದು ಬರೆದರೆ ಬದಲಾಗುತ್ತದೆ.

ಆಮೇಲೆ ಒಂದೇ ಸಾಲಿನಲ್ಲಿ ಮುಗಿಸೋಣ ಅಂತ ಲಿಸ್ಟ್ ಕಾಂಪ್ರಿಹೆನ್ಷನ್ ಬರೆದೆ, ಅಂದರೆ ಲೂಪನ್ನು ಒಳಗಿಟ್ಟುಕೊಂಡು ಹೊಸ ಲಿಸ್ಟ್ ಮಾಡುವ ಸಾಲು. ‘ಇಫ್’ ಅನ್ನು ಕೊನೆಗೆ ಇಟ್ಟಿದ್ದೆ. 31 ದಿನದ ಲಿಸ್ಟ್ ಚಿಕ್ಕದಾಗಿ ಹೋಯಿತು! ಕೊನೆಯ ಇಫ್ ಜರಡಿ ಹಿಡಿಯುತ್ತದೆ, ಬದಲಾಯಿಸುವುದಿಲ್ಲ. ಬದಲಾಯಿಸಲು ಇಫ್-ಎಲ್ಸ್ ಎರಡೂ ‘ಫಾರ್’ಗಿಂತ ಮೊದಲು ಬರಬೇಕು. ‘ಖಾಲಿ ಇದ್ದರೆ ಸರಾಸರಿ’ ಅನ್ನುವ ನಮಗೆ ‘ಸರಾಸರಿ, ಖಾಲಿ ಇದ್ದರೆ’ ಅಂತ ಬರೆಯುವುದು ಸ್ವಲ್ಪ ಉಲ್ಟಾ ಅನಿಸುತ್ತದೆ, ಅಲ್ವಾ?

ಷರತ್ತನ್ನು ಸುಮ್ನೆ ‘ಇಫ್ ನಾಟ್’ ಅಂತ ಬರೆದಿದ್ದೆ. ಲೆಕ್ಕ ನೋಡಿದ ಮಾವ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು ನಿಂತು ಬಾಗಿಲೇ ತೆಗೆಯದ ದಿನ ಇದು. 118 ಪ್ಲೇಟ್ ಇಡ್ಲಿ ತಿಂದದ್ದು ಯಾರು ಮಾರಾಯ?”

ಆ ದಿನ ಅವರು ಪುಸ್ತಕದಲ್ಲಿ 0 ಅಂತಲೇ ಬರೆದಿದ್ದರು, ನನ್ನ ಕೋಡ್ ಅದಕ್ಕೂ ಸರಾಸರಿ 118 ತುಂಬಿತ್ತು. ‘ನಾಟ್’ಗೆ ಸೊನ್ನೆಯೂ ಒಂದೇ, ನನ್ ಕೂಡ ಒಂದೇ, ಖಾಲಿ ಸ್ಟ್ರಿಂಗೂ (ಒಂದಕ್ಷರವೂ ಇಲ್ಲದ ಪಠ್ಯ) ಒಂದೇ. ‘ಇಸ್ ನನ್’ ಅಂತ ತಿದ್ದಿದ ಮೇಲೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ರೇಟ್ ಪಟ್ಟಿಗೆ ಡಿಕ್ಷನರಿ: ತಿಂಡಿಯ ಹೆಸರು ಕೀ, ಬೆಲೆ ವ್ಯಾಲ್ಯೂ. 50 ರೂಪಾಯಿಗಿಂತ ಕಮ್ಮಿ ಇರುವುದಕ್ಕೆಲ್ಲ 5 ಏರಿಸಬೇಕಿತ್ತು. ಐಟಮ್ಸ್, ಅಂದರೆ ಕೀ-ವ್ಯಾಲ್ಯೂ ಜೋಡಿಗಳ ಮೇಲೆ ಲೂಪ್ ಓಡಿಸುತ್ತಲೇ ಬೆಲೆ ಬದಲಾಯಿಸಿದೆ, ತೊಂದರೆ ಬರಲಿಲ್ಲ. ಅದೇ ಲೂಪಿನಲ್ಲಿ ನಿಲ್ಲಿಸಿದ್ದ ಗೋಳಿಬಜೆಯನ್ನೂ ಅಳಿಸಲು ಹೋದೆ, ರನ್‌ಟೈಮ್ ಎರರ್ ಬಂತು. ಲೂಪ್ ಓಡುವಾಗ ವ್ಯಾಲ್ಯೂ ಬದಲಾಗಬಹುದು, ಕೀಗಳ ಸಂಖ್ಯೆ ಬದಲಾಗಬಾರದು. ಐಟಮ್ಸನ್ನು ಮೊದಲು ಲಿಸ್ಟ್ ಮಾಡಿಕೊಂಡು ಅದರ ಮೇಲೆ ಲೂಪ್ ಓಡಿಸಿದೆ.

ಹಳೆ ರೇಟೂ ಪಕ್ಕದಲ್ಲಿ ಇರಲಿ ಅಂದರು ಮಾವ. ನೋಡಿದರೆ ಎರಡು ಕಡೆಯೂ ಹೊಸ ರೇಟೇ. ಹಳೆ ರೇಟ್ ಅಂತ ನಾನು ಈಕ್ವಲ್ ಚಿಹ್ನೆ ಹಾಕಿ ಇಟ್ಟುಕೊಂಡದ್ದು ಅದೇ ಡಿಕ್ಷನರಿಗೆ ಇನ್ನೊಂದು ಹೆಸರು ಮಾತ್ರ. ಏರಿಸುವ ಮೊದಲೇ ‘ಕಾಪಿ’ ಮಾಡಬೇಕಿತ್ತು. ಹಳೆ ರೇಟನ್ನು ಕೊನೆಗೆ ಗೋಡೆಯ ಬೋರ್ಡ್ ನೋಡಿ ಟೈಪ್ ಮಾಡಿದೆ.