“ಇದು ಯಾವುದರಲ್ಲಿ ಎಡಿಟ್ ಮಾಡಿದ್ದು ಮಾರಾಯ್ರೇ?”

ಬದಿಯಡ್ಕದಿಂದ ಬೆಳಗ್ಗಿನ ಬಸ್ಸು ಹಿಡಿದು ಮಂಗಳೂರಿನ ಒಂದು ಸ್ಟುಡಿಯೋಗೆ ಹೋಗಿದ್ದೆ. ಬ್ಯಾಗಿನಲ್ಲಿ ಹಾರ್ಡ್ ಡಿಸ್ಕ್. ಅದರೊಳಗೆ 26 ನಿಮಿಷದ ಒಂದು ಕಾರ್ಯಕ್ರಮ, ಚಾನೆಲ್ಲಿಗೆ ಹೋಗಬೇಕಾದದ್ದು. ಅಲ್ಲಿನ ಟೆಕ್ನೀಷಿಯನ್ ವಿಡಿಯೋ ಪ್ಲೇ ಮಾಡಲೇ ಇಲ್ಲ. ಮೊದಲು ಫೈಲನ್ನು ಅದರ ಒಳವಿವರ ತೋರಿಸುವ ಮೀಡಿಯಾಇನ್ಫೋಗೆ ಹಾಕಿದರು. ಫಾರ್ಮ್ಯಾಟ್ ಪ್ರೋರೆಸ್, ಸರಿ. ಸೆಕೆಂಡಿಗೆ 25 ಫ್ರೇಮ್, ಸರಿ. ಆಡಿಯೋ 48 ಕಿಲೋಹರ್ಟ್ಸ್, ಸರಿ. ಆಮೇಲೆ ‘ರೈಟಿಂಗ್ ಅಪ್ಲಿಕೇಶನ್’, ಅಂದರೆ ಫೈಲನ್ನು ಬರೆದ ಸಾಫ್ಟ್‌ವೇರ್ ಯಾವುದು ಅಂತ ಇದ್ದ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ‘ಲಾವ್ಫ್’ ಎಂದಿತ್ತು, ಪಕ್ಕದಲ್ಲಿ ಒಂದಿಷ್ಟು ನಂಬರು.

“ಇದು ಯಾವುದರಲ್ಲಿ ಎಡಿಟ್ ಮಾಡಿದ್ದು ಮಾರಾಯ್ರೇ?”

ಅದುವರೆಗೆ ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ರೆಡಿ ಸುಳ್ಳಿತ್ತು. ಮದುವೆ ಮನೆಯವರು ಕೇಳುವುದೇ ಇಲ್ಲ. ಸ್ಟುಡಿಯೋದವರು ಕೇಳಿದರೆ ಅವರಿಗೆ ಗೊತ್ತಿರುವ ಎಡಿಟಿಂಗ್ ಸಾಫ್ಟ್‌ವೇರ್ ‘ಪ್ರೀಮಿಯರ್’ ಅಂದುಬಿಡುತ್ತಿದ್ದೆ. ಅವತ್ತು ಆ ಸಾಲು ಕಣ್ಣೆದುರಿಗೇ ಇತ್ತಲ್ಲ, ಸುಳ್ಳು ಬಾಯಿಗೆ ಬರಲಿಲ್ಲ. ಕೆಡೆನ್‌ಲೈವ್ ಎಂದೆ.

“ಅದೆಂತದು? ಫ್ರೀಯಾ?”

“ಹೌದು, ಫ್ರೀ.”

“ಮತ್ತೆ ವಾಟರ್‌ಮಾರ್ಕ್ ಬರುದಿಲ್ವಾ?”

ಬರುವುದಿಲ್ಲ ಎಂದೆ. ನಂಬಿಕೆ ಆದ ಹಾಗೆ ಕಾಣಲಿಲ್ಲ. 26 ನಿಮಿಷವನ್ನೂ ಕೂತು ನೋಡಿದರು, ವಾಟರ್‌ಮಾರ್ಕ್ ಹುಡುಕುವುದಕ್ಕೇ ಇರಬೇಕು. ಫೈಲ್ ಪಾಸಾಯಿತು. ಆಮೇಲೆ ಚಾ ಕುಡಿಯುವಾಗ ಲಾವ್ಫ್ ಅಂದರೆ ಎಂತ ಅಂತ ಕೇಳಿದರು. ಅದು ಎಫ್‌ಎಫ್‌ಎಂಪೆಗ್ ಎಂಬ ಫ್ರೀ ಸಾಫ್ಟ್‌ವೇರಿನ ಒಂದು ಲೈಬ್ರರಿಯ, ಅಂದರೆ ಬೇರೆ ಸಾಫ್ಟ್‌ವೇರುಗಳು ಬಳಸಿಕೊಳ್ಳುವ ಕೋಡಿನ, ಗುರುತು. ವಿಡಿಯೋ ಫೈಲನ್ನು ಕಟ್ಟುವ ಕೆಲಸ ಅದರದ್ದು. ಅವರ ಕಂಪ್ಯೂಟರಿನಲ್ಲಿದ್ದ ವಿಎಲ್‌ಸಿ ಪ್ಲೇಯರ್ ಕೂಡ ಅದೇ ಲೈಬ್ರರಿಗಳನ್ನು ನೆಚ್ಚಿಕೊಂಡದ್ದು. ಹಾಗೆ ಹೇಳಿದಾಗ ಸ್ವಲ್ಪ ಸಮಾಧಾನ ಆದ ಹಾಗಿತ್ತು.

ಆದರೆ ಹೊರಡುವಾಗ ಒಂದು ಮಾತು ಹೇಳಿದರು: “ಮುಂದಿನ ಸಲ ಪ್ರಾಜೆಕ್ಟ್ ಫೈಲೂ ಬೇಕಾಗ್ತದೆ.” ಎಡಿಟಿಂಗಿನ ಕಟ್‌ಗಳೆಲ್ಲ ಇರುವ, ಮತ್ತೆ ತೆರೆದು ತಿದ್ದಬಹುದಾದ ಫೈಲ್ ಅದು. ನನ್ನ ನಿಜವಾದ ತಲೆಬಿಸಿ ಶುರುವಾದದ್ದು ಅಲ್ಲಿ.

ಅದಕ್ಕೆ ಮೊದಲು, ನಾನು ಈ ಸಾಫ್ಟ್‌ವೇರಿಗೆ ಯಾಕೆ ಬಂದೆ ಎಂಬುದನ್ನು ಹೇಳಬೇಕು. ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ. ನಾನು ಓದಿದ್ದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇರುತ್ತದೆ. ಅದನ್ನು ನೋಡಿಕೊಳ್ಳುವ ಸರ್ಕಾರಿ ಯೋಜನೆ ಐಟಿ ಅಟ್ ಸ್ಕೂಲ್ ಅಂತ ಇದ್ದದ್ದು ಈಗ ಕೈಟ್ ಎಂಬ ಸಂಸ್ಥೆ ಆಗಿದೆ. ಎಸ್‌ಎಸ್‌ಎಲ್‌ಸಿ ಐಟಿ ಪರೀಕ್ಷೆಯನ್ನು ನಾವು ಲಿನಕ್ಸಿನಲ್ಲೇ ಬರೆದದ್ದು. ಗಡಿ ದಾಟಿ ಕಾಲೇಜಿಗೆ ಹೋದಾಗ ಗೆಳೆಯರಿಗೆಲ್ಲ ಫೋಟೋಶಾಪ್ ಗೊತ್ತು, ನನಗೆ ಜಿಂಪ್ ಗೊತ್ತು. ಆಗ ನಾಚಿಕೆ ಆಗ್ತಿತ್ತು. ಮನೆಯಲ್ಲಿದ್ದದ್ದು ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್. ಪೇಟೆಯ ಸ್ಟುಡಿಯೋಗಳಲ್ಲಿ ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ನಡೆಯುತ್ತಿತ್ತು. ಅದನ್ನು ಕೊಳ್ಳುವ ದುಡ್ಡಿಲ್ಲ. ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಟ್ಟವರು ಜೊತೆಗೆ ಒಂದು ವೈರಸ್ಸನ್ನೂ ಕೊಟ್ಟರು. ಒಂದು ಸೀಮಂತದ ಫೂಟೇಜ್ ಪೂರ್ತಿ ಹೋಯಿತು. ಆ ಮನೆಯವರ ಮುಖ ಈಗಲೂ ಸರಿಯಾಗಿ ನೋಡಲು ಆಗುವುದಿಲ್ಲ. ಅದರ ಮರುವಾರ ಲಿನಕ್ಸ್ ಹಾಕಿದೆ, ಅದರಲ್ಲಿ ಕೆಡೆನ್‌ಲೈವ್.

ಶುರುವಿನಲ್ಲಿ ಅದು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಮಾತು ಮಾತಿಗೆ ಕ್ರ್ಯಾಶ್. 2019ರ ಏಪ್ರಿಲಿನಲ್ಲಿ ಬಂದ 19.04 ಆವೃತ್ತಿಯಲ್ಲಿ, ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನ ಒಳಗನ್ನೇ ಹೊಸದಾಗಿ ಬರೆದರು. ಅದಾದ ಮೇಲೂ ಒಂದೆರಡು ವರ್ಷ ತಾಳ್ಮೆ ಬೇಕಿತ್ತು. ‘ಫ್ರೀ ಸಾಫ್ಟ್‌ವೇರ್ ಕೆಲಸಕ್ಕೆ ಬಾರದು’ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅವರು ಯಾವ ವರ್ಷ ನೋಡಿದ್ದು ಅಂತ ಮಾತ್ರ ಕೇಳುತ್ತೇನೆ.

ನನ್ನ ಕೈ ಪಳಗಿದ್ದು ಯಕ್ಷಗಾನದಲ್ಲಿ. ನಮ್ಮ ಕಡೆ ಬಯಲಾಟ ಅಂದರೆ ಗೊತ್ತಲ್ಲ. ಕಾಲಮಿತಿಯ ಆಟ ಆದರೂ ಐದಾರು ಗಂಟೆ. ಮೂರು ಕ್ಯಾಮೆರಾ: ಒಂದು ರಂಗಸ್ಥಳ ಪೂರ್ತಿ, ಒಂದು ವೇಷಧಾರಿಯ ಹತ್ತಿರ, ಒಂದು ಹಿಮ್ಮೇಳಕ್ಕೆ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಬರೆದರೆ ಗಂಟೆಗೆ ಇಪ್ಪತ್ತೆರಡೂವರೆ ಜಿಬಿ. ಆರು ಗಂಟೆ, ಮೂರು ಕ್ಯಾಮೆರಾ, ಒಟ್ಟು 400 ಜಿಬಿ ದಾಟುತ್ತದೆ. ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಅದು ಓಡುವುದು ಹೇಗೆ? ಪ್ರಾಕ್ಸಿ. ಎಲ್ಲ ಕ್ಲಿಪ್‌ಗಳಿಗೂ ಸಣ್ಣ ಸೈಜಿನ ನಕಲು ಮಾಡಿ ಅದರಲ್ಲಿ ಎಡಿಟ್ ಮಾಡುವುದು, ಕೊನೆಗೆ ರೆಂಡರ್ ಆಗುವಾಗ ಒರಿಜಿನಲ್ ಬರುತ್ತದೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಗ್ಗೆ ಕೆಲಸ ಶುರು.

ಕಷ್ಟ ಇರುವುದು ಆಡಿಯೋದಲ್ಲಿ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ಶಬ್ದ ತೆಗೆಯುತ್ತೇವೆ. ಕೆಡೆನ್‌ಲೈವಿನಲ್ಲಿ ಒಂದು ಕ್ಲಿಪ್ಪನ್ನು ಆಡಿಯೋ ರೆಫರೆನ್ಸ್ ಅಂತ ಗುರುತು ಮಾಡಿ, ಉಳಿದದ್ದನ್ನು ಅದಕ್ಕೆ ಅಲೈನ್ ಮಾಡು ಅಂದರೆ ತಾನೇ ಕೂರಿಸುತ್ತದೆ. ಮೊದಲ ಸಲ ನೋಡಿದಾಗ ಖುಷಿಯಲ್ಲಿ ಕುಣಿದಿದ್ದೆ. ಆದರೆ ಎರಡು ಗಂಟೆ ಕಳೆದ ಮೇಲೆ ನೋಡಿದರೆ ಚೆಂಡೆಯ ಕೋಲು ಬಿದ್ದಾಗಿದೆ, ಶಬ್ದ ಇನ್ನೂ ಬರಬೇಕು. ಕ್ಯಾಮೆರಾದ ಗಡಿಯಾರಕ್ಕೂ ರೆಕಾರ್ಡರಿನ ಗಡಿಯಾರಕ್ಕೂ ಕೂದಲೆಳೆ ವ್ಯತ್ಯಾಸ ಇರುತ್ತದೆ. ಗಂಟೆಗೆ ಒಂದು ಫ್ರೇಮ್ ಜಾರಿದರೂ ಸಾಕು. ಮಾತಿನಲ್ಲಿ ಗೊತ್ತಾಗುವುದಿಲ್ಲ, ಚೆಂಡೆಯಲ್ಲಿ ಗೊತ್ತಾಗುತ್ತದೆ. ಹಿಮ್ಮೇಳದ ಕ್ಯಾಮೆರಾ ಬಂದ ಕೂಡಲೇ ಸಿಕ್ಕಿಬೀಳುತ್ತೇವೆ. ಈಗ ನಾನು ಅರ್ಧ ಗಂಟೆಗೊಮ್ಮೆ ಆಡಿಯೋ ಕತ್ತರಿಸಿ ತುಂಡು ತುಂಡಾಗಿ ಅಲೈನ್ ಮಾಡುತ್ತೇನೆ. ಕತ್ತರಿಸುವುದು ಪದ್ಯದ ನಡುವೆ ಅಲ್ಲ, ಪ್ರವೇಶ ಮುಗಿದು ಒಂದು ಉಸಿರು ಖಾಲಿ ಸಿಗುವ ಜಾಗದಲ್ಲಿ. ಸಾಫ್ಟ್‌ವೇರ್ ಯಾವುದೇ ಇರಲಿ, ಆ ಜಾಗ ಗೊತ್ತಾಗಬೇಕಾದರೆ ಆಟ ನೋಡಿರಬೇಕು.

ಆಮೇಲೆ ಮಲ್ಟಿಕ್ಯಾಮ್ ಟೂಲ್. ಮೂರು ಟ್ರ್ಯಾಕ್ ಒಟ್ಟಿಗೆ ಓಡುವಾಗ ಒಂದು, ಎರಡು, ಮೂರು ಅಂತ ಕೀಲಿ ಒತ್ತುತ್ತಾ ಹೋದರೆ ಕಟ್ ಬೀಳುತ್ತದೆ. ಆರು ಗಂಟೆಯ ಆಟಕ್ಕೆ ಆರು ಗಂಟೆ ಕೂರಬೇಕು, ಅಷ್ಟೇ. ಲೈವ್ ಸ್ವಿಚಿಂಗ್ ಮಾಡಿದ ಹಾಗೆಯೇ.

ಸರಿ, ಪ್ರಾಜೆಕ್ಟ್ ಫೈಲಿನ ವಿಷಯಕ್ಕೆ ಬರುತ್ತೇನೆ. ಈ ಉದ್ಯಮದಲ್ಲಿ ಒಂದು ಸಾಫ್ಟ್‌ವೇರನ್ನು ಒಪ್ಪುವುದು ಅಂದರೆ ನಿಜವಾಗಿ ಅದೇ. ಚಿತ್ರ ಚೆನ್ನಾಗಿದೆಯಾ ಅನ್ನುವುದು ಆಮೇಲಿನ ಪ್ರಶ್ನೆ. ನೀವು ಜ್ವರ ಬಂದು ಮಲಗಿದರೆ ನಾಳೆ ಬೇರೆಯವರು ಅದನ್ನು ತೆರೆದು ಕೆಲಸ ಮುಂದುವರಿಸಬಹುದಾ? ಸ್ಟುಡಿಯೋದವರ ಭಯ ಇಷ್ಟೇ, ಅದು ನ್ಯಾಯದ ಭಯವೇ. ನಮ್ಮಲ್ಲಿ ಎಡಿಯಸ್ ನಡೆಯುವುದು ಪಕ್ಕದ ಸ್ಟುಡಿಯೋದಲ್ಲೂ ಎಡಿಯಸ್ ಇರುವುದರಿಂದ. ಹಾಲಿವುಡ್ಡಿನಲ್ಲಿ ಅವಿಡ್ ಅಂದರೆ ದೊಡ್ಡ ಹೆಸರು. ಅವಿಡ್ ತೆರೆದು ನೋಡಿದ ಒಬ್ಬರೂ ನನಗೆ ಕುಂಬಳೆಯಿಂದ ಮುಳ್ಳೇರಿಯದವರೆಗೆ ಸಿಕ್ಕಿಲ್ಲ. ಅಲ್ಲಿನ ನಿರ್ದೇಶಕ ಸ್ಕೋರ್ಸೆಸಿಯ ಎಡಿಟರ್ ಥೆಲ್ಮಾ ಸ್ಕೂನ್‌ಮೇಕರ್ ಕೆಲಸ ಮಾಡುವುದು ಲೈಟ್‌ವರ್ಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ. ಆ ಹೆಸರು ಇಲ್ಲಿ ಹೇಳಿದರೆ ಮದುವೆ ಹಾಲಿನ ಲೈಟಿಂಗ್ ಅಂದುಕೊಂಡಾರು.

ಕೆಡೆನ್‌ಲೈವಿನ ಪ್ರಾಜೆಕ್ಟನ್ನು ಪ್ರೀಮಿಯರಿನಲ್ಲಿ ತೆರೆಯಲು ಆಗುವುದಿಲ್ಲ. ಒಂದು ಸಾಫ್ಟ್‌ವೇರಿನ ಟೈಮ್‌ಲೈನನ್ನು ಇನ್ನೊಂದಕ್ಕೆ ದಾಟಿಸಲು ಓಪನ್‌ಟೈಮ್‌ಲೈನ್‌ಐಒ ಅಂತ ಒಂದು ದಾರಿ ಇದೆ, ಪಿಕ್ಸಾರ್ ಅನಿಮೇಷನ್ ಸ್ಟುಡಿಯೋದಲ್ಲಿ ಹುಟ್ಟಿದ್ದು. ಕಟ್‌ಗಳು ಹೋಗುತ್ತವೆ, ಎಫೆಕ್ಟ್ ಹೋಗುವುದಿಲ್ಲ. ನಾನು ಪ್ರಯತ್ನಿಸಿದಾಗ ಅರ್ಧ ಕ್ಲಿಪ್ ತೆರೆಯದೆ ಕೆಂಪಾಗಿ ಕೂತವು. ಅದಕ್ಕೆ ಬೇರೆ ಉಪಾಯ ಹಿಡಿದೆ: ಪ್ರಾಜೆಕ್ಟ್ ಫೈಲ್ ಬೇಡ ಅನ್ನುವ ಹಾಗೆ ಸಾಮಾನು ಕೊಡುವುದು.

ಏನು ಕೊಡುತ್ತೇನೆ ಅಂದರೆ, ಮೊದಲನೆಯದು ಪೂರ್ತಿ ಮುಗಿದ ಮಾಸ್ಟರ್, ಅಂದರೆ ಅಂತಿಮ ವಿಡಿಯೋ. ಇನ್ನೊಂದು ಅಕ್ಷರಗಳಿಲ್ಲದ ಮಾಸ್ಟರ್, ಟೈಟಲ್ ಇಲ್ಲ, ಕಲರ್ ತಿದ್ದಿದ್ದಿಲ್ಲ, ಒಂದು ಚಿತ್ರ ಇನ್ನೊಂದರೊಳಗೆ ಕರಗುವ ಡಿಸಾಲ್ವ್ ಇಲ್ಲ, ಎಲ್ಲ ನೇರ ಕಟ್. ಕಲರ್ ಮಾಡುವವರು ಅದನ್ನು ಡಾವಿಂಚಿ ರಿಸಾಲ್ವಿಗೆ ಹಾಕಿ ಸೀನ್ ಕಟ್ ಡಿಟೆಕ್ಷನ್ ಒತ್ತಿದರೆ ಶಾಟ್ ಶಾಟ್ ಆಗಿ ತಾನೇ ಬಿಡಿಸಿಕೊಳ್ಳುತ್ತದೆ. ಡಿಸಾಲ್ವ್ ಎಲ್ಲೆಲ್ಲಿ ಬೇಕು ಅಂತ ಟೈಮ್‌ಕೋಡ್ ಸಮೇತ ಒಂದು ಚೀಟಿ. ಮಾತು, ಸಂಗೀತ, ಉಳಿದ ಶಬ್ದ ಇವು ಮೂರು ಬೇರೆ ಬೇರೆ ವೇವ್ ಫೈಲ್. ಎಲ್ಲದರ ತಲೆಯಲ್ಲೂ ಚಿತ್ರ ಶುರುವಾಗುವ ಸರಿಯಾಗಿ ಎರಡು ಸೆಕೆಂಡ್ ಮೊದಲು ಒಂದೇ ಫ್ರೇಮಿನ ಬೀಪ್. ಆ ಬೀಪನ್ನು ಒಂದರ ಕೆಳಗೆ ಒಂದು ಇಟ್ಟರೆ ಸಿಂಕ್ ಆಯಿತು. ಈ ಬೀಪ್ ನೋಡಿದ ಮೇಲೆ ಆ ಟೆಕ್ನೀಷಿಯನ್ ನನ್ನನ್ನು ನೋಡುವ ರೀತಿಯೇ ಬದಲಾಯಿತು. “ಇದೆಲ್ಲ ಎಲ್ಲಿ ಕಲಿತದ್ದು?” ಅಂತ ಕೇಳಿದರು. ಸಾಫ್ಟ್‌ವೇರಿನ ಹೆಸರು ಮತ್ತೆ ಎತ್ತಲಿಲ್ಲ.

ಇನ್ನೊಂದು ಕಡೆ ನನಗೆ ಅನುಕೂಲ ಆದದ್ದು ಕನ್ನಡದಿಂದ. ನಮ್ಮ ಮದುವೆಗಳಿಗೆ ಎರಡು ಲಿಪಿ ಬೇಕು. ಹುಡುಗ ನೀರ್ಚಾಲು, ಹುಡುಗಿ ಕಾಞಂಗಾಡು ಅಂದರೆ ಟೈಟಲ್ ಕನ್ನಡದಲ್ಲೂ ಮಲಯಾಳದಲ್ಲೂ ಬರಬೇಕು. ಹಳೆಯ ಟೈಟ್ಲರ್‌ಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ‘ಲಕ್ಷ್ಮಿ’ಯ ಒತ್ತುಗಳೆಲ್ಲ ಕಳಚಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಅದಕ್ಕೇ ಎಲ್ಲರೂ ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು. ಪ್ರೀಮಿಯರಿನಲ್ಲೂ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳಿಗೆ ಅಂತ ಇರುವ ಆಯ್ಕೆ ಒತ್ತಿದರೆ ಮಾತ್ರ ಒತ್ತಕ್ಷರ ಸರಿ ಕೂರುತ್ತದೆ, ಸುಮಾರು ಜನಕ್ಕೆ ಅದು ಗೊತ್ತಿಲ್ಲ. ಕೆಡೆನ್‌ಲೈವಿನಲ್ಲಿ ಸುಮ್ನೆ ಟೈಪ್ ಮಾಡಿದರೆ ಆಯಿತು, ಎರಡೂ ಲಿಪಿ ಸರಿಯಾಗಿ ಬರುತ್ತವೆ. ಒಂದು ಸ್ಟುಡಿಯೋ ಈಗ ತಮ್ಮ ಎಡಿಟಿಂಗ್ ತಾವೇ ಮಾಡಿಕೊಂಡು ಟೈಟಲ್ ಮಾತ್ರ ನನ್ನ ಹತ್ತಿರ ಮಾಡಿಸುತ್ತದೆ. ನಾನೇನೂ ಅವರಿಗೆ ಗುಟ್ಟು ಹೇಳಿಲ್ಲ, ಹೊಟ್ಟೆಪಾಡು ನೋಡಿ.

ಒಂದು ರಾತ್ರಿಯ ಕಥೆ ಹೇಳಲೇಬೇಕು. ಮಳೆಗಾಲ, ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು. ಮತ್ತೆ ಆನ್ ಮಾಡಿದರೆ ಪ್ರಾಜೆಕ್ಟ್ ತೆರೆಯುವುದಿಲ್ಲ. ಮರುದಿನ ಕೊಡಬೇಕಾದ ಬ್ರಹ್ಮಕಲಶದ ವಿಡಿಯೋ. ಕೈಕಾಲು ತಣ್ಣಗಾಯಿತು. ಕೆಡೆನ್‌ಲೈವಿನ ಪ್ರಾಜೆಕ್ಟ್ ಫೈಲ್ ಬರೀ ಅಕ್ಷರ, ಎಕ್ಸ್‌ಎಂಎಲ್. ನೋಟ್‌ಪ್ಯಾಡಿನಂಥದ್ದರಲ್ಲಿ ತೆರೆದು ನೋಡಿದೆ. ಕೊನೆಯ ಸಾಲು ನಡುವೆಯೇ ತುಂಡಾಗಿತ್ತು, ಬರೆಯುತ್ತಿರುವಾಗಲೇ ಕರೆಂಟ್ ಹೋದದ್ದು. ಮೆನುವಿನಲ್ಲಿ ಬ್ಯಾಕಪ್ ಫೈಲ್ ತೆರೆಯುವ ಆಯ್ಕೆ ಇದೆ, ಅಲ್ಲಿ ಇಪ್ಪತ್ತು ನಿಮಿಷ ಹಿಂದಿನದ್ದು ಸಿಕ್ಕಿತು. ಕಳೆದುಹೋದದ್ದು ಅನ್ನಸಂತರ್ಪಣೆಯ ನಾಲ್ಕು ಶಾಟ್. ಆಮೇಲೆ ಮಾಡಿದ ಮೊದಲ ಖರ್ಚು ಯುಪಿಎಸ್.

ಎಲ್ಲ ಕಡೆ ಇದೇ ಸಾಕು ಅನ್ನುವುದಿಲ್ಲ. ಕಲರ್ ಗ್ರೇಡಿಂಗಿಗೆ ನಾನು ರಿಸಾಲ್ವಿಗೇ ಹೋಗುತ್ತೇನೆ. ಅದರ ಫ್ರೀ ಆವೃತ್ತಿ ಲಿನಕ್ಸಿನಲ್ಲಿ ಎಚ್.264 ಎಂಬ ಫಾರ್ಮ್ಯಾಟಿನ ವಿಡಿಯೋ ತೆಗೆದುಕೊಳ್ಳುವುದಿಲ್ಲ, ಮೊದಲು ಬೇರೆ ಫಾರ್ಮ್ಯಾಟಿಗೆ ಬದಲಿಸಿಕೊಂಡು ಹೋಗಬೇಕು. ಮೋಷನ್ ಗ್ರಾಫಿಕ್ಸ್ ಜಾಸ್ತಿ ಇರುವ ಕೆಲಸ ಬಂದರೆ ಬೇರೆಯವರಿಗೆ ದಾಟಿಸುತ್ತೇನೆ. ಆಲ್ಬಂ ಟೆಂಪ್ಲೇಟ್ ಮಾರುವವರೆಲ್ಲ ಎಡಿಯಸ್, ಪ್ರೀಮಿಯರಿಗೆ ಮಾಡುತ್ತಾರೆ, ನನಗೆ ಸಿಗುವುದಿಲ್ಲ. ಅದು ನಷ್ಟವೇ. ಕೆಲಸ ಹುಡುಕುವ ಹುಡುಗರು ಕೇಳಿದರೆ ಪ್ರೀಮಿಯರ್ ಕಲಿಯಿರಿ ಎಂದೇ ಹೇಳುತ್ತೇನೆ. ಸಂಬಳದ ಕೆಲಸದ ಜಾಹೀರಾತಿನಲ್ಲಿ ಬರೆದಿರುವುದು ಅದೇ ಹೆಸರು. ನಾನೂ ಕಲಿತಿದ್ದೇನೆ, ತಡವಾಗಿ.

ಕಳೆದ ವರ್ಷ ಕೆಲಸ ಜಾಸ್ತಿ ಆಗಿ ಒಬ್ಬ ಹುಡುಗ ಬೇಕಾಯಿತು. ಕೆಡೆನ್‌ಲೈವ್ ಗೊತ್ತಿರುವವರು ಎಲ್ಲಿ ಸಿಗುತ್ತಾರೆ, ಒಂದು ತಿಂಗಳು ಕಲಿಸಬೇಕು ಅಂದುಕೊಂಡಿದ್ದೆ. ಬಂದವನು ಪ್ಲಸ್ ಟು ಮುಗಿಸಿದವನು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ.

“ಅಣ್ಣ, ಇದು ನಮ್ಮ ಶಾಲೆಯಲ್ಲಿ ಇದ್ದದ್ದಲ್ವಾ?”

ಅವನು ಹೈಸ್ಕೂಲಿನಲ್ಲಿ ಲಿಟ್ಲ್ ಕೈಟ್ಸಿನಲ್ಲಿದ್ದವನು. 2018ರಿಂದ ಕೇರಳದ ಶಾಲೆಗಳಲ್ಲಿ ಇರುವ ಮಕ್ಕಳ ಐಟಿ ಕ್ಲಬ್ಬು ಅದು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ ಎಡಿಟ್ ಮಾಡಿದ್ದೇ ಅವನಂತೆ, ಇದೇ ಕೆಡೆನ್‌ಲೈವಿನಲ್ಲಿ. ಮಂಗಳೂರಿನಲ್ಲಿ ಯಾರೂ ಕೇಳದ ಹೆಸರು ಬದಿಯಡ್ಕದ ಹೈಸ್ಕೂಲು ಹುಡುಗರಿಗೆ ಗೊತ್ತು! ಮೂರನೇ ದಿನಕ್ಕೆ ಪ್ರಾಕ್ಸಿ, ಸಿಂಕ್ ಎರಡೂ ಅವನ ಕೈಗೆ ಬಿಟ್ಟೆ.

ಅವನದ್ದು ಒಂದೇ ತಕರಾರು. ಹೊಸ ಆವೃತ್ತಿ ಬಂದ ದಿನವೇ ಹಾಕಬೇಕು. ನಾನು ಬಿಡುವುದಿಲ್ಲ. ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯದೆ ಕೂತದ್ದನ್ನು ಅನುಭವಿಸಿದ್ದೇನೆ. ಕೆಡೆನ್‌ಲೈವ್ ಆಪ್‌ಇಮೇಜ್ ಅಂತ ಒಂದೇ ಫೈಲಾಗಿ ಸಿಗುತ್ತದೆ, ಇನ್‌ಸ್ಟಾಲ್ ಮಾಡಬೇಕೆಂದಿಲ್ಲ. ಯಾವ ಆವೃತ್ತಿಯಲ್ಲಿ ಕೆಲಸ ಶುರು ಮಾಡುತ್ತೇವೋ ಅದರ ಆಪ್‌ಇಮೇಜನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡುತ್ತೇವೆ. ನಾಲ್ಕು ವರ್ಷ ಬಿಟ್ಟು ಯಾರಾದರೂ “ಆ ಮದುವೆಯದ್ದು ಒಂದು ಕಾಪಿ ಬೇಕಿತ್ತು, ಮಾವನ ಹೆಸರು ತಪ್ಪಾಗಿದೆ” ಅಂತ ಬಂದರೆ ಅದೇ ಫೋಲ್ಡರಿನಿಂದ ತೆರೆಯಬಹುದು. ಮೊನ್ನೆ ಹಾಗೆ ಒಬ್ಬರು ಬಂದೇ ಬಂದರು. ಹುಡುಗ ಹಳೆ ಆಪ್‌ಇಮೇಜ್ ಒತ್ತಿದ, ಪ್ರಾಜೆಕ್ಟ್ ತೆರೆಯಿತು. ಮಾವನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಅದು ಸಾಫ್ಟ್‌ವೇರಿನ ತಪ್ಪಲ್ಲ, ನನ್ನದೇ.